ಸಾಗರದ ಕೊಡ ಮಗುಚುವ ಮುನ್ನ

ಭೂಪಟವನ್ನು ಮುಂದೆ ಹರಡಿಕೊಂಡು ಉತ್ತರ ಅಕ್ಷಾಂಶ 60ರ ಗೆರೆಯ ಮೇಲೆ ಬೆರಳನ್ನು ಸರಿಸುತ್ತ ಹೋದರೆ ಪ್ರಕೃತಿಯ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಟ್ಲಾಂಟಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಈ ಗೆರೆಯ ಮೇಲಿರುವುದು ಗ್ರೀನ್‌ಲೆಂಡಿನ ದಕ್ಷಿಣ ತುದಿ. ಹಿಮದ ಬಂಡೆಗಳು ತೇಲಾಡುವ, ಮರವೆಂಬುದೇ ಅಪರೂಪವಾದ ನಾಡು. ಪೂರ್ವ ದಡದಲ್ಲಿ ಅದೇ ಗೆರೆಯ ಸಮೀಪದಲ್ಲಿರುವುದು ನಾರ್ವೆ ದೇಶದ ಬರ್ಗೆನ್ ಪಟ್ಟಣ. ಅಲ್ಲಿಯ ಬಂದರು ನಡು ಚಳಿಗಾಲದಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಹಡಗುಗಳು ವರ್ಷವಿಡೀ ಬಂದು ಹೋಗುತ್ತವೆ. ಸೂರ್ಯನು ಎರಡು ಎಡೆಗೂ ಒಂದೇ ಕೋನದಿಂದ ಬಿಸಿಲನ್ನು ಸುರಿಸುತ್ತಾನೆ. ಹಾಗಿದ್ದ ಮೇಲೆ ಈ ಪಕ್ಷಪಾತವೇಕೆ?

ಸಾಗರದ ಮೇಲಿನಿಂದ ಬೀಸಿ ಬರುವ ಪಶ್ಚಿಮದ ಗಾಳಿ ಇದಕ್ಕೆ ಒಂದು ಕಾರಣ. ಆ ಗಾಳಿಯನ್ನು ಬೆಚ್ಚಗಿಡುವ ಸಾಗರಪ್ರವಾಹ ಇನ್ನೊಂದು ಕಾರಣ. ಉಷ್ಣವಲಯದಲ್ಲಿ ಕಾದ ನೀರು ಅಟ್ಲಾಂಟಿಕ್ಕಿನ ಮೇಲ್ಪದರದಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತದೆ. ದಾರಿಯುದ್ದಕ್ಕೂ ಅದು ತನ್ನ ಬಿಸಿಯನ್ನು ಗಾಳಿಗೆ ಕೊಟ್ಟು ತಣ್ಣಗಾಗುತ್ತದೆ. ಮೊದಲೇ ಉಪ್ಪಿನಂಶ ಹೆಚ್ಚಾಗಿರುವ ನೀರು. ತಂಪು ಸೇರಿದ ಮೇಲೆ ಮತ್ತಷ್ಟು ಭಾರವಾಗಿ ಗ್ರೀನ್‌ಲೆಂಡಿನ ಆಸುಪಾಸಿನ ಕಡಲುಗಳಲ್ಲಿ ಆಳಕ್ಕೆ ಮುಳುಗುತ್ತದೆ. ಅನಂತರ 2ರಿಂದ 3 ಕಿಲೋಮೀಟರ್ ಆಳದಲ್ಲಿ, ಯಾರ ಕಣ್ಣಿಗೂ ಕಾಣದಂತೆ, ದಕ್ಷಿಣಕ್ಕೆ ಮರಳುತ್ತದೆ. ಪ್ರತಿ ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಘನ ಮೀಟರ್ ನೀರು ಹೀಗೆ ಸಾಗುತ್ತದೆಂದು ಅಳತೆಗಳು ತಿಳಿಸುತ್ತವೆ. ಜಗತ್ತಿನ ಸಮಸ್ತ ನದಿಗಳನ್ನು ಒಂದೆಡೆ ಕೂಡಿಸಿದರೂ ಇದರ ಹತ್ತರಲ್ಲೊಂದು ಪಾಲನ್ನು ಮುಟ್ಟಲಾರವು.

ಈ ಮಹಾಪ್ರವಾಹ ದುರ್ಬಲವಾದರೆ ಏನಾದೀತು? ದುರ್ಬಲವಾಗುತ್ತ ಹೋಗಿ ಒಂದು ಹಂತದಲ್ಲಿ ತಾನಾಗಿಯೇ ನಿಂತುಹೋದರೆ? ಇಂಗ್ಲೆಂಡಿನ ಎಕ್ಸೆಟರ್, ಜರ್ಮನಿಯ ಪಾಟ್ಸ್‌ಡಾಮ್, ಹಾಲೆಂಡಿನ ಯೂಟ್ರೆಕ್ಟ್ ಮುಂತಾದ ವಿದ್ಯಾಕೇಂದ್ರಗಳಲ್ಲಿ ಇಂದು ಅನೇಕ ತರುಣ ತರುಣಿಯರು ಇಂಥ ಪ್ರಶ್ನೆಗಳನ್ನೇ ಡಾಕ್ಟರೇಟ್ ಪದವಿಯ ವಿಷಯವನ್ನಾಗಿ ಆರಿಸಿಕೊಂಡು ದುಡಿಯುತ್ತಿದ್ದಾರೆ. ಅವರ ಪ್ರಬಂಧವನ್ನು ಎದುರು ನೋಡುವವರು ಪರೀಕ್ಷಕರು ಮಾತ್ರವೇ ಅಲ್ಲ. ಸರಕಾರಗಳ ಮಂತ್ರಿಗಳೂ ಅದಕ್ಕಾಗಿ ಕಾದಿದ್ದಾರೆ.

ಚಕ್ರಬಡ್ಡಿಯ ಲೆಕ್ಕ

ಸಾಲದ ಬಡ್ಡಿ ಅಸಲಿಗೆ ಸೇರಿ, ಆ ಅಸಲು ಮತ್ತೆ ಬಡ್ಡಿಯನ್ನು ಹಡೆಯುವ ಚಕ್ರಬಡ್ಡಿಯ ಲೆಕ್ಕ ಸಂಸಾರಸ್ಥರಿಗೆ ಹೊಸದಲ್ಲ. ಕಾರ್ಯವು ತಿರುಗಿ ತನ್ನ ಕಾರಣವನ್ನೇ ಬಲಪಡಿಸುವ ಇಂಥ ಏರ್ಪಾಡನ್ನು ವಿಜ್ಞಾನಿಗಳು ‘ಫೀಡ್‌ಬ್ಯಾಕ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ‘ಮರುಪುಷ್ಟಿ’ ಎನ್ನಬಹುದು. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹಿಮ ಕರಗಿದೊಡನೆ ಅದರಡಿಯ ಕಪ್ಪು ನೆಲವೂ ಕಡಲೂ ಅದೇ ಬಿಸಿಲನ್ನು ಹೀರಿಕೊಳ್ಳುತ್ತವೆ. ಹೀರಿದ ಬಿಸಿಲಿನಿಂದ ಇನ್ನಷ್ಟು ಹಿಮ ಕರಗುತ್ತದೆ. 1969ರಲ್ಲಿ ಸೋವಿಯತ್ ರಷ್ಯದ ಮಿಖಾಯಿಲ್ ಬುಡಿಕೊ, ಅಮೆರಿಕದ ವಿಲಿಯಂ ಸೆಲ್ಲರ್ಸ್ ಇಬ್ಬರೂ ಬೇರೆ ಬೇರೆಯಾಗಿ ಈ ಹಿಮದ ಮರುಪುಷ್ಟಿಯನ್ನು ಸರಳ ಸಮೀಕರಣಗಳಲ್ಲಿ ಹಿಡಿದಿಟ್ಟರು.

ಅಟ್ಲಾಂಟಿಕ್ ಪ್ರವಾಹದಲ್ಲಿ ಈ ಬಡ್ಡಿಯ ಕೆಲಸವನ್ನು ಮಾಡುವುದು ಉಪ್ಪು. ಪ್ರವಾಹ ರಭಸವಾಗಿ ಹರಿದಷ್ಟೂ ದಕ್ಷಿಣದ ಉಪ್ಪು ಉತ್ತರವನ್ನು ತಲುಪುತ್ತದೆ. ಉಪ್ಪು ತಲುಪಿದಷ್ಟೂ ನೀರು ಭಾರವಾಗಿ ಮುಳುಗುತ್ತದೆ. ಮುಳುಗಿದಷ್ಟೂ ಪ್ರವಾಹ ರಭಸವಾಗುತ್ತದೆ. ಆದರೆ ಇದೇ ಚಕ್ರ ತಿರುಗುಮುರುಗಾಗಿಯೂ ಸುತ್ತಬಲ್ಲುದು. ಹಿಮ ಕರಗಿದ ಸಿಹಿನೀರು ಉತ್ತರದ ಕಡಲಿಗೆ ಸೇರಿದರೆ ಅಲ್ಲಿಯ ನೀರು ಹಗುರಾಗಿ ಮುಳುಗುವುದು ಕಡಮೆಯಾಗುತ್ತದೆ. ಪ್ರವಾಹ ಕುಗ್ಗುತ್ತದೆ. ಕುಗ್ಗಿದ ಪ್ರವಾಹ ತರುವ ಉಪ್ಪೂ ಕುಗ್ಗುತ್ತದೆ. ಒಂದು ಮಿತಿಯವರೆಗೆ ಇದನ್ನು ಸರಿದೂಗಿಸುವ ಬೇರೆ ಶಕ್ತಿಗಳಿವೆ. ಮಿತಿ ಮೀರಿದ ಮೇಲೆ ಚಕ್ರವು ಹೊರಗಿನ ಪ್ರೇರಣೆ ಇಲ್ಲದೆಯೇ ಉರುಳುತ್ತದೆ. ಆ ಮಿತಿಗೆ ‘ಹೊರಳುಬಿಂದು’ ಎಂಬ ಹೆಸರು ಒಪ್ಪುತ್ತದೆ. ನೀರು ತುಂಬಿದ ಕೊಡವನ್ನು ಸ್ವಲ್ಪ ಓರೆಮಾಡಿ ಕೈಬಿಟ್ಟರೆ ಅದು ಅಲುಗಾಡಿ ತನ್ನ ನೆಲೆಗೆ ಬಂದು ನಿಲ್ಲುತ್ತದೆ. ಇನ್ನೂ ಸ್ವಲ್ಪ ಓರೆಮಾಡಿದರೆ ಮಗುಚಿ ಬೀಳುತ್ತದೆ. ಈ ಎರಡು ‘ಸ್ವಲ್ಪ’ಗಳ ನಡುವಣ ಅಂತರ ಕೂದಲೆಳೆಯಷ್ಟೇ ಆಗಿರಬಹುದು.

ಎರಡು ಪಾತ್ರೆಗಳ ಕಥೆ

ಸಾಗರವೂ ಹೀಗೆ ಹೊರಳಬಹುದೆಂದು ಮೊದಲು ಲೆಕ್ಕಹಾಕಿ ತೋರಿಸಿದವನು ಅಮೆರಿಕದ ಹೆನ್ರಿ ಸ್ಟಾಮೆಲ್. 1961ರಲ್ಲಿ ‘ಟೆಲಸ್’ ಎಂಬ ಸ್ವೀಡನ್ನಿನ ಪತ್ರಿಕೆಯಲ್ಲಿ ಅವನ ಚಿಕ್ಕ ಲೇಖನ ಪ್ರಕಟವಾಯಿತು. ಅವನು ವಿಶಾಲ ಸಾಗರವನ್ನೆಲ್ಲ ಎರಡು ಪಾತ್ರೆಗಳಿಗೆ ಇಳಿಸಿದ್ದ. ಒಂದರಲ್ಲಿ ಉಷ್ಣವಲಯದ ಬೆಚ್ಚನೆಯ ಉಪ್ಪುನೀರು, ಇನ್ನೊಂದರಲ್ಲಿ ಧ್ರುವದ ಕಡೆಯ ತಣ್ಣನೆಯ ಸಪ್ಪೆನೀರು. ಕೆಳಗೆ ಒಂದು ಕೊಳವೆ, ಮೇಲೆ ಒಂದು ಕಾಲುವೆ. ಸಮೀಕರಣಗಳನ್ನು ಬಿಡಿಸಿದಾಗ ಅಚ್ಚರಿಯ ಉತ್ತರ ದೊರೆಯಿತು. ಹೊರಗಿನ ಪರಿಸ್ಥಿತಿ ಒಂದೇ ಆಗಿದ್ದರೂ ನೀರಿನ ಹರಿವಿಗೆ ಎರಡು ಸ್ಥಿರ ರೀತಿಗಳು ಸಾಧ್ಯ. ತಂಪಿನ ಭಾರ ಗೆದ್ದರೆ ಒಂದು ರೀತಿ, ಉಪ್ಪಿನ ಭಾರ ಗೆದ್ದರೆ ಅದಕ್ಕೆ ವಿರುದ್ಧವಾದ ಇನ್ನೊಂದು ರೀತಿ. ನಿಜವಾದ ಸಾಗರವೂ ಹೀಗೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ನೆಗೆಯಬಹುದೆ ಎಂಬ ಪ್ರಶ್ನೆಯನ್ನು ಸ್ಟಾಮೆಲ್ ಲೇಖನದ ಕೊನೆಯಲ್ಲಿ ಎತ್ತಿದ.

ಬಹುಕಾಲ ಈ ಲೇಖನವನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಸ್ಟಾಮೆಲ್ ತನ್ನ ಓದಿನಿಂದ ಡಾಕ್ಟರೇಟ್ ಪದವಿಯನ್ನು ಗಳಿಸಿದವನಲ್ಲ. ಆದರೆ ಅವನ ಆ ಲೇಖನವನ್ನು ಓದದೆ ಇಂದು ಈ ವಿಷಯದಲ್ಲಿ ಯಾರೂ ಡಾಕ್ಟರೇಟ್ ಪಡೆಯಲಾರರು.

ಆ ಲೆಕ್ಕದಲ್ಲಿ ಅಡಗಿದ್ದ ಇನ್ನೊಂದು ಸಂಗತಿ ನೀತಿನಿರೂಪಕರಿಗೆ ಅತಿ ಮುಖ್ಯವಾದುದು. ಹೊರಳಿದ ಪ್ರವಾಹವನ್ನು ಮೊದಲಿನ ಸ್ಥಿತಿಗೆ ತರಬೇಕಾದರೆ ಸಿಹಿನೀರಿನ ಪ್ರಮಾಣವನ್ನು ಹೊರಳುಬಿಂದುವಿನ ಮಟ್ಟಕ್ಕೆ ಇಳಿಸಿದರೆ ಸಾಲದು. ಅದಕ್ಕಿಂತ ಬಹಳ ಕೆಳಕ್ಕೆ ಇಳಿಸಬೇಕು. ಹೋದ ದಾರಿಯಲ್ಲೇ ಹಿಂದಿರುಗಲು ಬರುವುದಿಲ್ಲ.

ಇದು ಕೇವಲ ಕಾಗದದ ಮೇಲಿನ ಊಹೆಯೆಂದು ತಳ್ಳಿಹಾಕುವಂತಿಲ್ಲ. ಗ್ರೀನ್‌ಲೆಂಡಿನ ಹಿಮರಾಶಿಯನ್ನು ಕೊರೆದು ತೆಗೆದ ಹಿಮದ ಕಂಬಗಳಲ್ಲಿ ಪೂರ್ವಕಾಲದ ಹವೆಯ ದಾಖಲೆ ಪದರಪದರವಾಗಿ ಉಳಿದಿದೆ. ಸುಮಾರು 12,900 ವರ್ಷಗಳ ಹಿಂದೆ ಉತ್ತರಗೋಲಾರ್ಧ ಥಟ್ಟನೆ ತಣ್ಣಗಾಗಿ, ಸಾವಿರ ವರ್ಷಗಳಿಗೂ ಮಿಕ್ಕಿ ಹಾಗೆಯೇ ಉಳಿದು, ಸುಮಾರು 11,700 ವರ್ಷಗಳ ಹಿಂದೆ ಕೆಲವೇ ದಶಕಗಳಲ್ಲಿ ಮತ್ತೆ ಬೆಚ್ಚಗಾಯಿತು. ಅಟ್ಲಾಂಟಿಕ್ ಪ್ರವಾಹದ ಏರುಪೇರೇ ಇದಕ್ಕೆ ಮುಖ್ಯ ಕಾರಣವೆಂದು ಬಹುಮಂದಿ ವಿಜ್ಞಾನಿಗಳ ಮತ.

ಗಣಕಯಂತ್ರದೊಳಗಿನ ಕಡಲು

ಎರಡು ಪಾತ್ರೆಗಳಿಂದ ಆರಂಭವಾದ ವಿದ್ಯೆ ಈಗ ಬಹಳ ದೂರ ಸಾಗಿದೆ. 1969ರಲ್ಲಿ ಜಪಾನಿನಿಂದ ಅಮೆರಿಕಕ್ಕೆ ಬಂದು ನೆಲೆಸಿದ್ದ ಶ್ಯುಕುರೊ ಮನಾಬೆಯವರು ಕರ್ಕ್ ಬ್ರಯನ್ನರ ಜೊತೆಗೂಡಿ ಗಾಳಿ ಹಾಗೂ ಸಾಗರಗಳೆರಡನ್ನೂ ಜೋಡಿಸಿದ ಗಣಕ ಮಾದರಿಯನ್ನು ರಚಿಸಿದರು. ಮನಾಬೆ ಮತ್ತು ಸ್ಟೌಫರ್ 1988ರಲ್ಲಿ ಇನ್ನೂ ವಿಸ್ತಾರವಾದ ಮಾದರಿಯಲ್ಲಿ ಸ್ಟಾಮೆಲ್‌ನ ಎರಡು ಸ್ಥಿರ ಸ್ಥಿತಿಗಳು ಮತ್ತೆ ಕಾಣಿಸಿಕೊಂಡುದನ್ನು ವರದಿ ಮಾಡಿದರು. 2021ರ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಮನಾಬೆಯವರಿಗೂ ಪಾಲು ದೊರೆಯಿತು. 2024ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾಲಯದ ತಂಡವೊಂದು ಬಲಶಾಲಿಯಾದ ಗಣಕಯಂತ್ರವನ್ನು ಆರು ತಿಂಗಳು ನಡೆಸಿ, ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಕಾಲದ ಹವೆಯನ್ನು ಲೆಕ್ಕಹಾಕಿತು. ಸಿಹಿನೀರನ್ನು ಅತಿ ನಿಧಾನವಾಗಿ ಬೆರೆಸುತ್ತ ಹೋದಾಗ ಪ್ರವಾಹ ಶತಮಾನಗಳ ಕಾಲ ಮೆಲ್ಲಗೆ ಕುಗ್ಗಿ, ಅನಂತರ ಸುಮಾರು 100 ವರ್ಷಗಳಲ್ಲಿ ಕುಸಿದುಬಿದ್ದಿತು. ಆ ಲೆಕ್ಕದಲ್ಲಿ ಯುರೋಪಿನ ಹಲವು ನಗರಗಳ ಉಷ್ಣತೆ 5ರಿಂದ 15 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯಿತು.

ಇಂಥ ಕ್ಷೇತ್ರಕ್ಕೆ ಕಾಲಿಡುವ ಸಂಶೋಧಕ ವಿದ್ಯಾರ್ಥಿಯ ದಿನಚರಿಯಲ್ಲಿ ಸಾಹಸಕ್ಕಿಂತ ತಾಳ್ಮೆಯೇ ಹೆಚ್ಚು. ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ಎಳ್ಳಷ್ಟು ಬದಲಿಸುತ್ತ ನೂರಾರು ಬಾರಿ ನಡೆಸಬೇಕು. ಉತ್ತರಗಳು ಎಷ್ಟು ಚದರಿಹೋಗುತ್ತವೆಂದು ನೋಡಬೇಕು. ಬಳಿಕ ಅವನ್ನು ನಿಜವಾದ ಕಡಲಿನೊಡನೆ ಹೋಲಿಸಬೇಕು. ಹೋಲಿಕೆಗೆ ದೊರೆಯುವ ಅಳತೆಗಳಾದರೋ ಸ್ವಲ್ಪವೇ. ಫ್ಲಾರಿಡದಿಂದ ಆಫ್ರಿಕದ ತೀರದವರೆಗೆ ಉಪಕರಣಗಳನ್ನು ನೆಟ್ಟು ಪ್ರವಾಹವನ್ನು ಎಡೆಬಿಡದೆ ಅಳೆಯಲು ತೊಡಗಿದುದು 2004ರಲ್ಲಿ. ಶತಮಾನಗಳ ಲಯದಲ್ಲಿ ಉಸಿರಾಡುವ ಸಾಗರಕ್ಕೆ ಎರಡು ದಶಕಗಳ ನಾಡಿಪರೀಕ್ಷೆ ಏನೇನೂ ಸಾಲದು. ಆದರೂ ಕೆಲವು ಲಕ್ಷಣಗಳು ಕಂಡಿವೆ. ಇಡೀ ಭೂಮಿ ಕಾಯುತ್ತಿರುವಾಗ ಗ್ರೀನ್‌ಲೆಂಡಿನ ದಕ್ಷಿಣಕ್ಕಿರುವ ಸಾಗರದ ಒಂದು ಭಾಗ ಮಾತ್ರ ಹಿಂದಿಗಿಂತ ತಂಪಾಗಿದೆ. ಗ್ರೀನ್‌ಲೆಂಡ್ 2002ರಿಂದೀಚೆಗೆ ವರ್ಷವೊಂದಕ್ಕೆ ಸರಾಸರಿ 25,000 ಕೋಟಿ ಟನ್ನಿಗೂ ಹೆಚ್ಚು ಹಿಮವನ್ನು ಕಳೆದುಕೊಳ್ಳುತ್ತಿದೆ.

ಮಂತ್ರಿಯ ಪ್ರಶ್ನೆ, ಪಂಡಿತನ ಉತ್ತರ

“ಕೊಡ ಮಗುಚುವುದು ಯಾವ ವರ್ಷ?” ಎಂಬುದೇ ಅಧಿಕಾರದಲ್ಲಿರುವವರ ಮೊದಲನೆಯ ಪ್ರಶ್ನೆ. ಪಂಡಿತರಲ್ಲಿ ಇದಕ್ಕೆ ಒಮ್ಮತವಿಲ್ಲ. ಈ ಶತಮಾನದಲ್ಲಿ ಪ್ರವಾಹ ದುರ್ಬಲವಾಗುವುದು ಬಹುಮಟ್ಟಿಗೆ ಖಂಡಿತ, 2100ಕ್ಕೆ ಮುಂಚೆ ಹಠಾತ್ತನೆ ಕುಸಿಯದೆಂದು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ತೀರ್ಮಾನಿಸಿತು. 2023ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಈ ಶತಮಾನದ ಮಧ್ಯಭಾಗದಲ್ಲೇ ಕುಸಿತ ಸಂಭವಿಸಬಹುದೆಂದು ಲೆಕ್ಕ ತೋರಿಸಿದರು. ಅವರ ವಿಧಾನವನ್ನು ಹಲವರು ಆಕ್ಷೇಪಿಸಿದರು. 2024ರ ಅಕ್ಟೋಬರಿನಲ್ಲಿ 44 ಮಂದಿ ವಿಜ್ಞಾನಿಗಳು ನಾರ್ಡಿಕ್ ದೇಶಗಳ ಮಂತ್ರಿಮಂಡಲಿಗೆ ಬಹಿರಂಗ ಪತ್ರ ಬರೆದು, ಅಪಾಯವನ್ನು ಇದುವರೆಗೆ ಕಡಮೆಯಾಗಿ ಎಣಿಸಲಾಗಿದೆಯೆಂದು ಎಚ್ಚರಿಸಿದರು. 2025ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ದಕ್ಷಿಣ ಸಾಗರದ ಗಾಳಿಯ ಬಲದಿಂದ ಪ್ರವಾಹ ಕುಗ್ಗಿದರೂ ಈ ಶತಮಾನದಲ್ಲಿ ಪೂರ್ಣವಾಗಿ ನಿಲ್ಲಲಾರದು ಎಂದು ಹೇಳಿತು.

ಪಂಡಿತರೇ ಹೀಗೆ ಭಿನ್ನವಾಗಿ ನುಡಿದರೆ ಆಳುವವರು ಯಾರ ಮಾತನ್ನು ಕೇಳಬೇಕು? ನಿಶ್ಚಯವಾದ ವಾರ್ತೆ ಬರಲಿ, ಆಮೇಲೆ ನೋಡೋಣ ಎಂಬ ಸಮಾಧಾನ ಇಲ್ಲಿ ಸಹಜವಾಗಿಯೇ ತಲೆಯೆತ್ತುತ್ತದೆ. ಸ್ಟಾಮೆಲ್‌ನ ಎರಡು ಪಾತ್ರೆಗಳು ಉತ್ತರ ಕೊಡುವುದು ಈ ಸಮಾಧಾನಕ್ಕೆ. ಹೊರಳುಬಿಂದುವನ್ನು ದಾಟಿದ ವಾರ್ತೆ ನಿಶ್ಚಯವಾಗುವ ಹೊತ್ತಿಗೆ ಹಿಂದಿರುಗುವ ದಾರಿ ಮುಚ್ಚಿರುತ್ತದೆ. ಆದುದರಿಂದ ಕಾಯುವುದೂ ಒಂದು ನಿರ್ಧಾರವೇ. ಅಣೆಕಟ್ಟು ಕಟ್ಟುವ ಎಂಜಿನಿಯರು ಕೋಡಿಯ ಅಗಲವನ್ನು ಗೊತ್ತುಮಾಡುವಾಗ ಸರಾಸರಿ ಮಳೆಯನ್ನು ನಂಬಿ ಕೂರುವುದಿಲ್ಲ. ಅಪರೂಪಕ್ಕೆ ಬರಬಹುದಾದ ಮಹಾಪೂರವನ್ನು ಲೆಕ್ಕಕ್ಕೆ ಹಿಡಿಯುತ್ತಾನೆ.

ಅರ್ಥಶಾಸ್ತ್ರದಲ್ಲಿ ಈ ವಿವೇಕ ಮೂಡಲು ಕಾಲ ಹಿಡಿಯಿತು. ಹವೆಯ ಬದಲಾವಣೆಯಿಂದ ಆಗುವ ನಷ್ಟವನ್ನೂ ಅದನ್ನು ತಡೆಯುವ ಖರ್ಚನ್ನೂ ತೂಗಿನೋಡುವ ಮಾದರಿಯನ್ನು ಅಮೆರಿಕದ ವಿಲಿಯಂ ನಾರ್ಡ್‌ಹೌಸ್ 1990ರ ದಶಕದ ಆರಂಭದಲ್ಲಿ ರೂಪಿಸಿದರು. 2018ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಆ ಮಾದರಿಯಲ್ಲಿ ಉಷ್ಣತೆ ಏರಿದಂತೆ ನಷ್ಟವೂ ನುಣುಪಾದ ರೇಖೆಯಲ್ಲಿ ಏರುತ್ತದೆ. ಥಟ್ಟನೆ ಎದುರಾಗುವ ಪ್ರಪಾತ ಅದರಲ್ಲಿಲ್ಲ. 2016ರಲ್ಲಿ ಯೊಂಗ್‌ಯಾಂಗ್ ಕಾಯ್, ತಿಮೊಥಿ ಲೆಂಟನ್, ಥಾಮಸ್ ಲೊಂಟ್ಜೆಕ್ ಇವರು ಇದೇ ಬಗೆಯ ಮಾದರಿಯೊಳಕ್ಕೆ, ಯಾವಾಗ ಸಂಭವಿಸುವುವೆಂದು ಹೇಳಲಾಗದ ಐದು ಹೊರಳುಗಳನ್ನು ಸೇರಿಸಿ ನೋಡಿದರು. ಒಂದು ಟನ್ ಇಂಗಾಲಾಮ್ಲ ವಾಯು ಸಮಾಜಕ್ಕೆ ಮಾಡುವ ಹಾನಿಯ ಬೆಲೆ 15 ಡಾಲರಿನಿಂದ 116 ಡಾಲರಿಗೆ ಜಿಗಿಯಿತು. ದಿನಾಂಕ ತಿಳಿಯದಿದ್ದರೂ ಅಪಾಯಕ್ಕೆ ಬೆಲೆ ಕಟ್ಟಬಹುದು, ಬೆಲೆ ಕಟ್ಟಿದರೆ ಇಂದಿನ ಕರ್ತವ್ಯ ಬದಲಾಗುತ್ತದೆ ಎಂಬುದನ್ನು ಆ ಲೆಕ್ಕ ತೋರಿಸಿಕೊಟ್ಟಿತು.

ನಮ್ಮ ಮಳೆಗೂ ನಂಟು

ಈ ಚರ್ಚೆಯೆಲ್ಲ ದೂರದ ಚಳಿನಾಡುಗಳಿಗೆ ಸೇರಿದುದೆಂದು ಕನ್ನಡ ನಾಡಿನ ಗೃಹಸ್ಥರು ನಿಶ್ಚಿಂತರಾಗಿರುವಂತಿಲ್ಲ. ಅಟ್ಲಾಂಟಿಕ್ ಪ್ರವಾಹ ಉತ್ತರಗೋಲಾರ್ಧಕ್ಕೆ ತರುವ ಉಷ್ಣ ಕಡಮೆಯಾದರೆ ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಹಾಗೆ ಸರಿದಾಗ ಭಾರತದ ಮುಂಗಾರು ದುರ್ಬಲವಾಗುವುದೆಂದು ಗಣಕ ಮಾದರಿಗಳು ಸೂಚಿಸುತ್ತವೆ. ಉತ್ತರ ಅಟ್ಲಾಂಟಿಕ್ ತಣ್ಣಗಾದ ಪ್ರಾಚೀನ ಕಾಲಗಳಲ್ಲಿ ಇಲ್ಲಿಯ ಮುಂಗಾರೂ ಸೊರಗಿತ್ತೆಂಬುದಕ್ಕೆ ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಕುರುಹುಗಳು ದೊರೆತಿವೆ. ಸಹ್ಯಾದ್ರಿಯ ಮಳೆಯನ್ನು ನೆಚ್ಚಿ ಹರಿಯುವ ಕಾವೇರಿ, ತುಂಗಭದ್ರೆ, ಕೃಷ್ಣೆಯರ ದಡದಲ್ಲಿ ಬಾಳುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಯಾರಿಸ್ಸಿನಲ್ಲಿ 2015ರಲ್ಲಿ ನೆರೆದ ರಾಷ್ಟ್ರಗಳು ಭೂಮಿಯ ಸರಾಸರಿ ಉಷ್ಣತೆಯ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5 ಡಿಗ್ರಿಯಲ್ಲಿ, ತಡೆಯಲು ಒಪ್ಪಿದವು. 2024ನೆಯ ವರ್ಷ ಒಂದರಲ್ಲೇ ನೋಡಿದರೆ ಏರಿಕೆ 1.5 ಡಿಗ್ರಿಯನ್ನು ದಾಟಿತು. ಸಂಶೋಧಕರ ಪ್ರಬಂಧಗಳು ಕುಸಿತದ ತಿಥಿಯನ್ನು ಪಂಚಾಂಗದಂತೆ ಗುಣಿಸಿ ಕೊಡಲಾರವು. ಇಂಗಾಲಾಮ್ಲ ವಾಯುವಿನ ಪ್ರಮಾಣ ಹೆಚ್ಚಿದಂತೆ ಕೊಡ ಎಷ್ಟು ಓರೆಯಾಗುತ್ತದೆ, ಮಗುಚುವ ಸಂಭವ ಎಷ್ಟು ಬೆಳೆಯುತ್ತದೆ ಎಂಬುದನ್ನು ಅವು ಹೇಳಬಲ್ಲವು. ಅದರಲ್ಲಿ ಎಷ್ಟು ಭಾಗವನ್ನು ಮುಂದಿನ ಪೀಳಿಗೆಯ ಪಾಲಿಗೆ ಬಿಟ್ಟುಹೋಗಬಹುದೆಂಬ ಪ್ರಶ್ನೆಯನ್ನು ಯಾವ ಗಣಕಯಂತ್ರಕ್ಕೂ ಒಪ್ಪಿಸಲು ಬರುವುದಿಲ್ಲ. ಅದು ಆಳುವವರಿಗೂ, ಅವರನ್ನು ಆರಿಸಿ ಕಳುಹಿಸುವ ಸಾಮಾನ್ಯ ಜನರಿಗೂ ಸೇರಿದ ಪ್ರಶ್ನೆ.