ಚೀಟಿಯ ನ್ಯಾಯ

ವ್ಯಾಧಿಯನ್ನು ಬೇರುಸಹಿತ ಕೀಳಬೇಕೆಂಬ ಮಾತು ಕೇಳುವುದಕ್ಕೆ ಎಷ್ಟು ಸಮಂಜಸವಾಗಿದೆ! ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು, ಸ್ತನದ ಕ್ಯಾನ್ಸರಿಗೆ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ವಿಧಾನವನ್ನು ೧೮೯೪ರಲ್ಲಿ ವಿವರಿಸಿದರು. ಮುಂದೆ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಅದೇ ಪ್ರಮಾಣವೆನಿಸಿತು.

ಇಷ್ಟೊಂದು ಕತ್ತರಿಸುವುದು ಅವಶ್ಯವೆ? ವಾದದಿಂದ ಇದು ತೀರುವಂತಿರಲಿಲ್ಲ. ಇಟಲಿಯ ಮಿಲಾನಿನಲ್ಲಿ ಉಂಬೆರ್ತೊ ವೆರೊನೇಸಿ ಅವರು ೧೯೭೩ರಿಂದ ೧೯೮೦ರವರೆಗೆ, ಗೆಡ್ಡೆ ಎರಡು ಸೆಂಟಿಮೀಟರಿಗೆ ಮೀರದ ೭೦೧ ಸ್ತ್ರೀಯರಲ್ಲಿ ಇದನ್ನು ಪರೀಕ್ಷಿಸಿದರು. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಟ್ಟರು. ೩೪೯ ಮಂದಿಗೆ ಹಳೆಯ ವಿಧಾನ. ೩೫೨ ಮಂದಿಗೆ ಸ್ತನದ ಕಾಲುಭಾಗವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದು ವಿಕಿರಣ ಚಿಕಿತ್ಸೆ. ಜೀವನ್ಮರಣದ ವಿಷಯವನ್ನು ಚೀಟಿಗೆ ಒಪ್ಪಿಸುವುದು ಕ್ರೌರ್ಯವಲ್ಲವೆ ಎಂದು ನನಗೂ ಅನ್ನಿಸಿತ್ತು. ಆದರೆ ವೈದ್ಯನೇ ಆರಿಸಿದರೆ, ಗಟ್ಟಿಮುಟ್ಟಾದವರು ತನಗೆ ಪ್ರಿಯವಾದ ಪಕ್ಷಕ್ಕೇ ಸೇರಿಬಿಡಬಹುದು. ಚೀಟಿಗೆ ಅಂಥ ಮೋಹವಿಲ್ಲ.

ಇಪ್ಪತ್ತು ವರ್ಷಗಳ ಲೆಕ್ಕ ೨೦೦೨ರಲ್ಲಿ ಹೊರಬಂದಿತು. ರೋಗವು ಅದೇ ಸ್ಥಳದಲ್ಲಿ ಮರುಕಳಿಸಿದ್ದು ಹೊಸ ವಿಧಾನದವರಲ್ಲಿ ೩೦ ಮಂದಿಗೆ, ಹಳೆಯ ವಿಧಾನದವರಲ್ಲಿ ೮ ಮಂದಿಗೆ. ಇದನ್ನು ಮರೆಮಾಚಬಾರದು. ಆದರೆ ಮರಣದ ಪ್ರಮಾಣ ಎರಡು ಪಂಗಡಗಳಲ್ಲಿಯೂ ನೂರಕ್ಕೆ ೪೧ರ ಆಸುಪಾಸು. ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ಅವರು ನಡೆಸಿದ ಪರೀಕ್ಷೆಯೂ ಅದೇ ವರ್ಷ ಇದೇ ತೀರ್ಮಾನವನ್ನು ಸಾರಿತು.

ಗುರುವಾಕ್ಯವನ್ನು ಪ್ರಮಾಣವೆಂದು ಪಾಠ ಹೇಳುವ ವೃತ್ತಿ ನನ್ನದು. ವಾಕ್ಯಕ್ಕಿಂತ ದೊಡ್ಡ ಪ್ರಮಾಣವೊಂದನ್ನು ಆ ೭೦೧ ಮಂದಿ ತಮ್ಮ ದೇಹದಲ್ಲಿಯೇ ಬರೆದಿಟ್ಟರು. ಅವರ ಹೆಸರುಗಳನ್ನು ನಾವು ಅರಿಯೆವು. ಅವರಿಂದ ಉಳಿದ ಅಂಗಗಳೆಷ್ಟೋ!