ತೃಣಮಣಿಯೊಳಗಿನ ಕೀಟಗಳು

ಪಶ್ಚಿಮಘಟ್ಟದ ಧೂಪದ ಮರಕ್ಕೆ ಕಚ್ಚು ಹಾಕಿದರೆ ಅಂಟಾದ ರಾಳ ಒಸರುತ್ತದೆ. ಆ ಹೊತ್ತಿನಲ್ಲಿ ಅತ್ತ ಬಂದ ಇರುವೆಯ ಗತಿ ಏನು? ಕಾಲು ಅಂಟಿಕೊಂಡಿತು, ಮೇಲೆ ಇನ್ನೊಂದು ಪದರ ಹರಿಯಿತು, ಅಲ್ಲಿಗೆ ಮುಗಿಯಿತು. ಇಂಥ ಮರಗಳ ರಾಳ ಮಣ್ಣಿನಲ್ಲಿ ಹೂತು, ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾಗಿ ಕಲ್ಲಿನಂತಾದುದೇ ತೃಣಮಣಿ, ಅಂದರೆ ಆಂಬರ್. ಬಟ್ಟೆಗೆ ಉಜ್ಜಿದರೆ ಹುಲ್ಲಿನ ಚೂರನ್ನು ಸೆಳೆಯುವುದರಿಂದ ಅದಕ್ಕೆ ಆ ಹೆಸರು. ನಮ್ಮ ರೇಡಿಯೋವನ್ನು ನುಡಿಸುವ ವಿದ್ಯುಚ್ಛಕ್ತಿಗೆ ಇಂಗ್ಲಿಷಿನಲ್ಲಿರುವ ಹೆಸರೂ ಈ ಮಣಿಯ ಗ್ರೀಕ್ ಹೆಸರಿನಿಂದಲೇ ಹುಟ್ಟಿತು.

ಬಂಡೆಗಳಲ್ಲಿ ದೊರೆಯುವ ಕೀಟಗಳು ಸಾಮಾನ್ಯವಾಗಿ ಅಪ್ಪಚ್ಚಿಯಾಗಿರುತ್ತವೆ. ತೃಣಮಣಿಯಲ್ಲಾದರೋ ಮೀಸೆ, ರೆಕ್ಕೆಯ ನರ, ಕಾಲಿನ ರೋಮ ಸಹ ಇದ್ದಂತೆಯೇ ಉಳಿದಿರುತ್ತವೆ. ಇಷ್ಟು ಸೂಕ್ಷ್ಮ ವಿವರದಿಂದ ಏನು ಪ್ರಯೋಜನ ಎನ್ನುವಿರೋ? ಇರುವೆಯ ವಂಶವನ್ನೇ ನೋಡಿ. ಇರುವೆಗಳು ಕಣಜಗಳ ಕುಲದಿಂದ ಬಂದವೆಂದು ಕೀಟಶಾಸ್ತ್ರಜ್ಞರು ಊಹಿಸಿದ್ದರು. ನಡುವಣ ಕೊಂಡಿ ಮಾತ್ರ ಸಿಕ್ಕಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯ ಕಡಲತಡಿಯಲ್ಲಿ ಹವ್ಯಾಸಿ ದಂಪತಿಗಳಿಗೆ ದೊರೆತ ಒಂದು ತುಂಡಿನಲ್ಲಿ ಎರಡು ಇರುವೆಗಳಿದ್ದವು. ಪ್ರಾಯ ಸುಮಾರು 9 ಕೋಟಿ ವರ್ಷ. ಪರೀಕ್ಷಿಸಲು ಕೂತ ಎಡ್ವರ್ಡ್ ವಿಲ್ಸನ್ನರ ಕೈಜಾರಿ ಅದು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಪುಣ್ಯಕ್ಕೆ ಹೋಳಿಗೊಂದು ಇರುವೆ, ಎರಡೂ ಕ್ಷೇಮ! 1967ರಲ್ಲಿ ಅವರೂ ಸಂಗಡಿಗರೂ ಅದಕ್ಕೆ ಸ್ಫೆಕೊಮಿರ್ಮ, ಎಂದರೆ ಕಣಜ-ಇರುವೆ, ಎಂದು ಹೆಸರಿಟ್ಟರು. ಎರಡೇ ಹಲ್ಲಿನ ಗಿಡ್ಡ ದವಡೆ ಕಣಜದ್ದು, ಸೊಂಟ ಇರುವೆಯದು.

ನಮ್ಮ ದೇಶದ ತೃಣಮಣಿ ಇನ್ನೂ ದೊಡ್ಡ ಪ್ರಶ್ನೆಗೆ ಕೈಹಾಕಿತು. ಭಾರತದ ಭೂಭಾಗ ಆಫ್ರಿಕದ ಮಗ್ಗುಲಿನಿಂದ ಕಳಚಿ, ಉತ್ತರಕ್ಕೆ ಸರಿಯುತ್ತ ಬಂದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ತಾಗಿತು. ಅಷ್ಟು ದೀರ್ಘಕಾಲ ಕಡಲ ನಡುವೆ ಒಂಟಿಯಾಗಿದ್ದ ನೆಲದಲ್ಲಿ ಬೇರೆಲ್ಲೂ ಕಾಣದ ಜೀವಿಗಳೇ ತುಂಬಿರಬೇಕಷ್ಟೆ? ಹಾಗೆಂದೇ ನಿರೀಕ್ಷೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಎಂಬಲ್ಲಿನ ಕಂದು ಕಲ್ಲಿದ್ದಲಿನ ಗಣಿಯಲ್ಲಿ ಆ ಘರ್ಷಣೆಯ ಕಾಲದ್ದೇ ಆದ ತೃಣಮಣಿ ದೊರೆಯಿತು. ಅದನ್ನು ಸುರಿಸಿದ ಮರಗಳು ನಮ್ಮ ಧೂಪದ ಮರದ ಕುಟುಂಬಕ್ಕೇ ಸೇರಿದವು. ಈ ರಾಳ ಪೂರ್ತಿ ಕಲ್ಲಾಗಿಲ್ಲ. ತಕ್ಕ ದ್ರಾವಕದಲ್ಲಿ ಕರಗಿಸಿ ಒಳಗಿನ ಕೀಟವನ್ನು ಇಡಿಯಾಗಿ ಹೊರತೆಗೆಯಬಹುದು. ಇಂಥ ಸೌಕರ್ಯ ಬೇರೆಡೆಯ ತೃಣಮಣಿಯಲ್ಲಿ ಅಪರೂಪ.

ಭಾರತ, ಜರ್ಮನಿ, ಅಮೆರಿಕಗಳ ವಿಜ್ಞಾನಿಗಳು ಸುಮಾರು 150 ಕಿಲೋಗ್ರಾಂ ಸಂಗ್ರಹಿಸಿ, ಅದರಲ್ಲಿ ಕಂಡ 700ಕ್ಕೂ ಹೆಚ್ಚು ಕೀಟ, ಜೇಡ ಮೊದಲಾದವುಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ನಿರೀಕ್ಷೆ ತಲೆಕೆಳಗಾಯಿತು. ಅನೇಕ ಕೀಟಗಳ ನೆಂಟರು ಏಷ್ಯ, ಯೂರೋಪು, ಅಮೆರಿಕಗಳಲ್ಲಿದ್ದರು. ಈಗ ಅಳಿದುಹೋಗಿರುವ ಒಂದು ಜೇನ್ನೊಣದ ಪಂಗಡ ಯೂರೋಪಿನ ಬಾಲ್ಟಿಕ್ ತೀರದ ತೃಣಮಣಿಯಲ್ಲಿಯೂ ಉಂಟು, ವಸ್ತಾನಿನಲ್ಲಿಯೂ ಉಂಟು. ನೆಲ ಪೂರ್ತಿ ಕೂಡಿಕೊಳ್ಳುವ ಮೊದಲೇ, ನಡುವಣ ದ್ವೀಪಗಳನ್ನು ಮೆಟ್ಟಿಲು ಮಾಡಿಕೊಂಡು, ಕೀಟಗಳು ಹೋಗಿಬರುತ್ತಿದ್ದಿರಬೇಕು.

ಆದರೆ ರಾಳದ ಸಾಕ್ಷ್ಯ ಏಕಪಕ್ಷೀಯ. ಅದು ಹಿಡಿದಿಡುವುದು ಹೆಚ್ಚಾಗಿ ಮರದ ಸುತ್ತಮುತ್ತಲಿನ ಸಣ್ಣ ಜೀವಿಗಳನ್ನು. ಬಲವಾದ ದುಂಬಿ ಕಾಲು ಕಿತ್ತುಕೊಂಡು ಹೋಗಿಬಿಡುತ್ತದೆ. ಇನ್ನು, ಸೊಳ್ಳೆಯ ಹೊಟ್ಟೆಯ ನೆತ್ತರಿನಿಂದ ಡೈನೋಸಾರನ್ನು ಮತ್ತೆ ಹುಟ್ಟಿಸುವ ಮಾತು ಸಿನಿಮಾಕ್ಕೆ ಸರಿ. ಆನುವಂಶಿಕ ದ್ರವ್ಯ ಅಷ್ಟು ಕಾಲ ಉಳಿಯುವಂಥದಲ್ಲ. ವಸ್ತಾನಿನ ಕೀಟಗಳಂತೂ ಹುಟ್ಟಿದ್ದೇ ಡೈನೋಸಾರುಗಳು ಅಳಿದು ಸುಮಾರು ಒಂದೂವರೆ ಕೋಟಿ ವರ್ಷಗಳಾದ ಮೇಲೆ.