ಸಣ್ಣ ಮನೆಯ ಜಾಗ ಗೋಡೆಯಲ್ಲಿದೆ

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯನ್ನು ಸುತ್ತಲಿನ ಜನ ಬಿ.ಗುಡಿ ಎಂದೇ ಕರೆಯುತ್ತಾರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಜೊತೆಗೇ ಬೆಳೆದ ಊರಿದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಗೆ ಹರಿಯತೊಡಗಿದ ಮೇಲೆ ಇಲ್ಲಿ ನೀರಾವರಿ ಕಚೇರಿಗಳು, ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಕಾಡಾ), ನೌಕರರ ಕ್ವಾರ್ಟರ್ಸ್ ನೆಲೆಯೂರಿದವು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವೂ ಇಲ್ಲಿದೆ. ವರ್ಗಾವಣೆಯಾಗಿ ಬರುವ ನೌಕರರು, ಕೋಣೆ ಹಿಡಿದು ಓದುವ ಹುಡುಗರು, ಹತ್ತಿರದ ಹಳ್ಳಿಗಳಲ್ಲಿ ವಸತಿ ಯೋಜನೆಯ ಹಣದಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರು ಎಲ್ಲರಿಗೂ ಇರುವ ಪ್ರಶ್ನೆ ಒಂದೇ: ಇಷ್ಟೇ ಇಷ್ಟು ಜಾಗವನ್ನು ಅಚ್ಚುಕಟ್ಟಾಗಿ, ನೋಡಲು ಚೆಂದವಾಗಿ, ದಿನದ ಕೆಲಸಕ್ಕೆ ಒದಗುವಂತೆ ಹೇಗೆ ಇಟ್ಟುಕೊಳ್ಳುವುದು? ಅಂಗಡಿಗಳು ಕೊಡುವ ಉತ್ತರ ಸೋಫಾ, ಶೋಕೇಸು, ದಿವಾನ. ಇದಕ್ಕಿಂತ ಒಳ್ಳೆಯ ಉತ್ತರ ಶಹಾಪುರ, ಸುರಪುರ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿದೆ. ಅದನ್ನು ನಾವು ಹಳೆಯ ಕಾಲದ ನೆನಪೆಂದು ಬದಿಗಿಡುವ ಬದಲು ಒಂದು ಕಸುಬಿನ ತಿಳಿವಳಿಕೆಯೆಂದು ನೋಡಬೇಕು ಎಂಬುದು ಈ ಲೇಖನದ ವಾದ.

ಮಾಳಿಗೆ ಮನೆಯ ಗೋಡೆ ಕಲ್ಲು ಮಣ್ಣಿನದು, ಎರಡಡಿ ದಪ್ಪ, ಕೆಲವು ಕಡೆ ಅದಕ್ಕೂ ಹೆಚ್ಚು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು. ಈ ದಪ್ಪ ಗೋಡೆಯನ್ನು ಕಟ್ಟುವವರು ಕಟ್ಟುವಾಗಲೇ ಟೊಳ್ಳು ಬಿಡುತ್ತಿದ್ದರು. ಬಾಗಿಲ ಪಕ್ಕದ ದೀಪದ ಗೂಡನ್ನೇ ನೋಡಿ. ಒಂದು ಗೇಣು ಅಗಲ, ಮೊಳಕೈ ಒಳಗೆ ಹೋಗುವಷ್ಟು ಆಳ, ಮೇಲೆ ಎರಡು ಕಲ್ಲು ಚೂಪಾಗಿ ಕೂಡಿಸಿ ಮಾಡಿದ ಕಮಾನು, ಕೆಳಗೆ ಎಣ್ಣೆ ಜಿನುಗಿದರೂ ಒರೆಸಲು ಬರುವ ನುಣುಪು ಕಲ್ಲು. ಸುತ್ತ ಸುಣ್ಣ ಬಳಿದು ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆದರೆ ಅದೇ ಗೋಡೆಯ ಅಲಂಕಾರ. ಗಾಳಿ ಬೀಸಿದರೂ ದೀಪ ಆರುವುದಿಲ್ಲ, ಮಕ್ಕಳ ಕೈಗೆ ಎಟುಕುವುದಿಲ್ಲ, ನೆಲದಲ್ಲಿ ಒಂದಂಗುಲವನ್ನೂ ಅದು ಕೇಳುವುದಿಲ್ಲ. ಇಂಥವು ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ದೇವರ ಕೋಣೆಯಲ್ಲಿ ಬೇರೆ ಬೇರೆ ಅಳತೆಯಲ್ಲಿ ಇರುತ್ತಿದ್ದವು. ಗೋಡೆಯಲ್ಲಿ ನಟ್ಟ ಗೂಟಕ್ಕೆ ಅಂಗಿ, ರುಮಾಲು, ಬಾರುಕೋಲು. ಜಂತಿಯಿಂದ ಇಳಿಬಿಟ್ಟ ಗಳದ ಮೇಲೆ ಸೀರೆ, ಕೌದಿ. ಹಾಲು ಮೊಸರು ಬೆಕ್ಕಿಗೆ ಸಿಗದಂತೆ ನೆಲುವಿನಲ್ಲಿ. ಕಾಳುಕಡಿಯ ಗಡಿಗೆಗಳು ಒಂದರ ಮೇಲೊಂದು ಅಡಕಲಾಗಿ ಮೂಲೆಯಲ್ಲಿ. ಮಲಗುವ ಹೊರಸನ್ನು ಬೆಳಗಾದ ಕೂಡಲೇ ಎತ್ತಿ ಗೋಡೆಗೆ ಆನಿಸುತ್ತಿದ್ದರು, ಕೂಸಿನ ತೊಟ್ಟಿಲನ್ನು ತೊಲೆಯ ಕೊಂಡಿಗೆ ಹಾಕುತ್ತಿದ್ದರು. ಹೀಗಾಗಿ ಒಂದೇ ಪಡಸಾಲೆ ಬೆಳಿಗ್ಗೆ ಕಾಳು ಹಸನು ಮಾಡುವ ಜಾಗ, ಮಧ್ಯಾಹ್ನ ಊಟದ ಮನೆ, ಸಂಜೆ ಬಂದವರಿಗೆ ಜಮಖಾನೆ ಹಾಸುವ ಕಟ್ಟೆ, ರಾತ್ರಿ ಮಲಗುವ ಕೋಣೆ. ಸಾಮಾನು ಕಡಿಮೆ ಇದ್ದುದರಿಂದ ಹೀಗಾಯಿತು ಎಂದು ಹೇಳಿಬಿಡುವುದು ಸುಲಭ. ಒಕ್ಕಲುತನದ ಮನೆಯಲ್ಲಿ ಸಾಮಾನು ಕಡಿಮೆ ಇರಲಿಲ್ಲ. ಬೀಜ, ಹಗ್ಗ, ಮಿಣಿ, ಕೂರಿಗೆಯ ಭಾಗ, ವರ್ಷದ ಜೋಳ ಎಲ್ಲ ಮನೆಯೊಳಗೇ ಇರಬೇಕಿತ್ತು. ಇದ್ದದ್ದನ್ನು ಗೋಡೆಗೆ, ಸೂರಿಗೆ, ಮೂಲೆಗೆ ಹಂಚಿ ನೆಲವನ್ನು ಖಾಲಿ ಬಿಟ್ಟುಕೊಂಡರು.

ಈಗಿನ ಮನೆಯ ಲೆಕ್ಕ ತೆಗೆಯೋಣ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆಯ ಜಾಗವೂ ಸೇರಿ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ. ಅದಕ್ಕೂ ಮೊದಲಿನ ಇಂದಿರಾ ಆವಾಸ್ ಯೋಜನೆಯಲ್ಲಿ ಅದು 20 ಚದರ ಮೀಟರ್ ಇತ್ತು. ಇಂಥ ಮನೆಯಲ್ಲಿ 10 ಅಡಿ, 12 ಅಡಿಯ ಒಂದು ಹಾಲ್ ಬಂತೆನ್ನಿ, 120 ಚದರಡಿ. ಮೂವರು ಕೂರುವ ಸೋಫಾಕ್ಕೆ 18 ಚದರಡಿ, ಜೊತೆಗೆ ಬರುವ ಎರಡು ಒಂಟಿ ಕುರ್ಚಿಗಳಿಗೆ 16, ಟೀಪಾಯಿಗೆ 7, ಟಿ.ವಿ. ಸ್ಟ್ಯಾಂಡಿಗೆ 6, ಮಂಚಕ್ಕೆ 24, ಕಬ್ಬಿಣದ ಅಲಮಾರಿಗೆ ನಾಲ್ಕೂವರೆ. ಒಟ್ಟು 75 ಚದರಡಿಗೂ ಮೇಲೆ. ಉಳಿದ ಸುಮಾರು 45 ಚದರಡಿಯೂ ಒಂದೇ ಕಡೆ ಸಿಗುವುದಿಲ್ಲ, ಸಂದಿಗೊಂದಿಗಳಾಗಿ ಒಡೆದಿರುತ್ತದೆ. ಮಗು ಪುಸ್ತಕ ಹರಡಿಕೊಂಡು ಬರೆಯಲು, ನಾಲ್ಕು ಮಂದಿ ಸಾಲಾಗಿ ಕೂತು ಉಣ್ಣಲು, ಬೀಗರು ಬಂದರೆ ಮಲಗಿಸಲು ಜಾಗವಿಲ್ಲ. ಅದೇ ಹೊತ್ತಿಗೆ ನಾಲ್ಕು ಗೋಡೆಗಳು, ಕ್ಯಾಲೆಂಡರ್ ಮತ್ತು ಒಂದು ಗಡಿಯಾರ ಬಿಟ್ಟರೆ, ಕೆಲಸವಿಲ್ಲದೆ ನಿಂತಿರುತ್ತವೆ. ಮನೆ ಸಣ್ಣದೆಂಬ ದೂರು ಬಹಳ ಸಲ ನೆಲ ಉಳಿದಿಲ್ಲವೆಂಬ ದೂರು. ಅಳತೆ ಹೆಚ್ಚಿಸಲು ದುಡ್ಡು ಬೇಕು. ನೆಲ ಬಿಡಿಸಿಕೊಳ್ಳಲು ಬೇಕಾಗುವುದು ಕಟ್ಟುವ ಮೊದಲಿನ ಯೋಚನೆ.

ಆ ಯೋಚನೆ ಹೀಗೆ ನಡೆಯಬಹುದು. ಬಾಗಿಲು ಕಿಟಕಿಗಳ ಲಿಂಟಲ್ ಸಾಮಾನ್ಯವಾಗಿ 7 ಅಡಿ ಎತ್ತರದಲ್ಲಿ ಬರುತ್ತದೆ, ಛತ್ತು 10 ಅಡಿಯಲ್ಲಿ. ನಡುವಿನ ಮೂರಡಿ ಎಲ್ಲ ಮನೆಗಳಲ್ಲೂ ಇರುವ, ಯಾರೂ ಬಳಸದ ಜಾಗ. ಹತ್ತಡಿಯ ಒಂದು ಗೋಡೆಗುಂಟ ಎರಡಡಿ ಅಗಲದ ಸಜ್ಜಾ ಹಾಕಿಸಿದರೆ 60 ಘನ ಅಡಿ ಸಿಗುತ್ತದೆ. ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಅಲಮಾರಿಯ ಒಳಗೆ ಇರುವುದು 29 ಘನ ಅಡಿ. ಅಂದರೆ ಒಂದು ಸಜ್ಜಾ ಎರಡು ಅಲಮಾರಿಗೆ ಸಮ, ಅದೂ ನೆಲ ಮುಟ್ಟದೆ. ವರ್ಷಕ್ಕೊಮ್ಮೆ ತೆಗೆಯುವ ಕೊಪ್ಪರಿಗೆ, ಹೆಚ್ಚಿನ ಹಾಸಿಗೆ, ಹಳೆಯ ಕಾಗದಪತ್ರ ಅಲ್ಲಿಗೆ ಹೋಗಲಿ. ಆದರೆ ಸಜ್ಜಾವನ್ನು ಲಿಂಟಲ್ ಹಾಕುವಾಗಲೇ ಕಬ್ಬಿಣ ಕೂಡಿಸಿ ಹಾಕಿಸಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ. ಬುನಾದಿ ಗಟ್ಟಿ ಇಲ್ಲದ ಗೋಡೆಗೆ ಆಮೇಲೆ ಭಾರ ನೇತುಹಾಕುವುದು ಅಪಾಯ. ಇನ್ನು ಶೆಲ್ಫಿಗೆ ಈ ಸೀಮೆಗೆ ಶಹಾಬಾದ್ ಫರಸಿಗಿಂತ ಒಳ್ಳೆಯದು ಹುಡುಕಬೇಕಾಗಿಲ್ಲ. ಭೀಮಾ ಕೊಳ್ಳದ ಈ ಸುಣ್ಣಕಲ್ಲು ಪದರಪದರವಾಗಿ ಏಳುವುದರಿಂದ ಹಲಗೆಯಂತೆ ಸಿಗುತ್ತದೆ, ಗೆದ್ದಲು ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೆಲಕ್ಕೆ ಹಾಸುವ ಕಲ್ಲನ್ನೇ ಗೋಡೆಯಲ್ಲಿ ಕೂರಿಸಿದರೆ ಮನೆಗೆ ಒಂದೇ ಬಣ್ಣದ ಗಾಂಭೀರ್ಯವೂ ಬರುತ್ತದೆ. ಅಡುಗೆಮನೆಯ ವಿಷಯದಲ್ಲಿ ಹೊರಗಿನ ಒಂದು ಪಾಠವಿದೆ. 1926ರಲ್ಲಿ ಮಾರ್ಗರೇಟ್ ಶೂಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗೆಂದು ರೂಪಿಸಿದ ಅಡುಗೆಮನೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದ ಮಾತ್ರ. ಅಡುಗೆ ಮಾಡುವವಳು ಎಷ್ಟು ಹೆಜ್ಜೆ ಇಡುತ್ತಾಳೆ, ಯಾವ ಡಬ್ಬಿಗೆ ಎಷ್ಟು ಸಲ ಕೈ ಚಾಚುತ್ತಾಳೆ ಎಂದು ನೋಡಿ, ಎಲ್ಲವನ್ನೂ ಗೋಡೆಗೆ ಸೇರಿಸಿದ್ದಳು. ಸುಮಾರು 10,000 ಮನೆಗಳಲ್ಲಿ ಅದನ್ನು ಅಳವಡಿಸಿದರು. ನಮ್ಮಲ್ಲಿ ರೊಟ್ಟಿ ಬಡಿಯುವವಳಿಗೆ ಕಟ್ಟೆಯ ಎತ್ತರ ಬೇರೆ, ಒಲೆಯ ಪಕ್ಕ ಹಿಟ್ಟಿನ ಡಬ್ಬಿ, ಬಲಗೈಗೆ ನೀರು ಬೇಕು. ಕಟ್ಟೆಯ ಎತ್ತರವನ್ನು ಮೇಸ್ತ್ರಿ ತನ್ನ ರೂಢಿಯಂತೆ ಗೊತ್ತುಮಾಡುವ ಮೊದಲು ಆಕೆಯನ್ನು ನಿಲ್ಲಿಸಿ ಅಳೆಯುವ ಮನೆಗಳು ಎಷ್ಟಿವೆ?

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ, ಈಗಿನ ಗೋಡೆ ಎರಡಡಿ ದಪ್ಪ ಇಲ್ಲವಲ್ಲ ಎಂಬುದು. ನಿಜ. ಆರಿಂಚಿನ ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಗೂಡು ಕೊರೆಯಲು ಹೋಗಬಾರದು. ಅಲ್ಲಿ ಎರಡು ಗೋಡೆ ಕೂಡುವ ಮೂಲೆಯಲ್ಲಿ, ಕಟ್ಟುತ್ತಾ ಬರುವಾಗಲೇ ಫರಸಿ ತುಂಡನ್ನು ಎರಡೂ ಕಡೆ ಕಚ್ಚಿಸಿಬಿಟ್ಟರೆ ಮೂಲೆಗಪಾಟು ಆಗುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯಾದರೆ ನಾಲ್ಕೂವರೆ ಇಂಚು ಆಳದ ಗೂಡು ಧಾರಾಳವಾಗಿ ಬರುತ್ತದೆ. ಔಷಧಿ, ಕನ್ನಡಿ, ಮೊಬೈಲು, ದೇವರ ಫೋಟೊಗೆ ಅಷ್ಟು ಸಾಕು. ತಳದ ಕಲ್ಲನ್ನು ಎರಡಿಂಚು ಮುಂದೆ ಚಾಚಿದರೆ ಪುಸ್ತಕವೂ ನಿಲ್ಲುತ್ತದೆ. ಕೇರಳದಲ್ಲಿ ಕೆಲಸ ಮಾಡಿದ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆಗಳಲ್ಲಿ ಇಟ್ಟಿಗೆಯ ಗೂಡು, ಗೋಡೆಗಂಟಿದ ಕಟ್ಟೆಗಳನ್ನು ಮನೆಯ ಭಾಗವಾಗಿಯೇ ಕಟ್ಟಿದವರು. ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಅವರ ರ‍್ಯಾಟ್ ಟ್ರ್ಯಾಪ್ ಕಟ್ಟಣೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಸುತ್ತದೆ, ಬಿಸಿಲನ್ನೂ ತಡೆಯುತ್ತದೆ. ಬೇಸಿಗೆ 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಎರಡನೆಯ ಆಕ್ಷೇಪ ಧೂಳಿನದು. ಎರೆಮಣ್ಣಿನ ಧೂಳು ತೆರೆದ ಶೆಲ್ಫನ್ನು ಬಿಡುವುದಿಲ್ಲ, ಒಪ್ಪತಕ್ಕದ್ದೇ. ಆದರೆ ಗಾಜಿನ ಶೋಕೇಸಿನೊಳಗೂ ಧೂಳು ಹೋಗುತ್ತದೆ, ಅಲ್ಲಿ ಒರೆಸುವುದು ಇನ್ನೂ ಕಷ್ಟ. ಶೆಲ್ಫಿನ ಆಳ ಒಂದಡಿ ಮೀರದಿರಲಿ, ಕೆಳಗಿನ ಎರಡು ಹಂತಕ್ಕೆ ಹಳೆಯ ಇಳಕಲ್ ಸೀರೆಯ ಪರದೆ ಇರಲಿ. ಸೀರೆಯ ಸೆರಗು ಗೋಡೆಗೆ ಬಂದರೆ ಬೇರೆ ಅಲಂಕಾರ ಬೇಕಾಗುವುದಿಲ್ಲ, ತಿಂಗಳಿಗೊಮ್ಮೆ ಒಗೆಯಲೂ ಬರುತ್ತದೆ.

ಮೂರನೆಯದು ಕ್ವಾರ್ಟರ್ಸಿನವರ, ಬಾಡಿಗೆಯವರ ಮಾತು. ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಾದವರು ಗೂಡು ಎಲ್ಲಿ ಬಿಡಿಸುವುದು? ಅವರಿಗೆ ಮಾಳಿಗೆ ಮನೆಯ ಇನ್ನೊಂದು ಅರ್ಧ ಸಲ್ಲುತ್ತದೆ: ಎತ್ತಿಡಲು ಬರುವ ಸಾಮಾನು. ಮಂಚದ ಬದಲು ನೈಲಾನ್ ಪಟ್ಟಿಯ ಮಡಚುವ ಹೊರಸು, ಗೋಡೆಗೆ ಒರಗಿಸಿದ ಏಣಿಯಂಥ ಶೆಲ್ಫು, ಸೋಫಾದ ಬದಲು ಎರಡು ಟ್ರಂಕು ಜೋಡಿಸಿ ಮೇಲೆ ಕೌದಿ ಹಾಸಿದ ಆಸನ. ಟ್ರಂಕಿನೊಳಗೆ ಬಟ್ಟೆ, ಮೇಲೆ ಕೂರಲು ಜಾಗ. ವರ್ಗವಾದರೆ ಹಾಗೇ ಎತ್ತಿ ಟೆಂಪೊಗೆ ಹಾಕಬಹುದು. ಬೆಂಗಳೂರಿಗೆ ದುಡಿಯಲು ಹೋದ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ಹಗ್ಗ ಕಟ್ಟಿ, ಹಲಗೆ ಇಟ್ಟು ಬದುಕು ನಡೆಸುವಾಗ ಇದೇ ತಿಳಿವಳಿಕೆಯನ್ನು ಬಳಸುತ್ತವೆ. ಅವರ ಇಕ್ಕಟ್ಟನ್ನು ಚೆಂದವೆಂದು ಹೊಗಳುವುದು ತಪ್ಪು. ಅವರಿಗೆ ದೊಡ್ಡ ಮನೆ, ಗಟ್ಟಿ ಮನೆ ಸಿಗಲೇಬೇಕು. ಆದರೆ ಆ ಕೈಗಳಿಗೆ ಗೊತ್ತಿರುವುದನ್ನು ಬಡತನದ ಗುರುತೆಂದು ಕೀಳಾಗಿ ನೋಡುವುದೂ ತಪ್ಪೇ. ಹೊಸ ಮನೆ ಕಟ್ಟಿಸಿದವರು ಸೋಫಾ ಬಯಸುವುದರ ಹಿಂದೆ ಮರ್ಯಾದೆಯ ಪ್ರಶ್ನೆ ಇದೆ, ನಾಲ್ಕು ಜನ ಬಂದರೆ ಕೂರಿಸಲು ಒಂದು ನೆಲೆ ಬೇಕೆಂಬ ಆಸೆ ಇದೆ. ಗೋಡೆಗುಂಟ ಒಂದೂವರೆ ಅಡಿ ಅಗಲದ ಕಲ್ಲುಕಟ್ಟೆ ಕಟ್ಟಿ, ಮೇಲೆ ಗಾದಿ ಹಾಕಿದರೆ ಐದಾರು ಜನ ಕೂರುತ್ತಾರೆ, ಕೆಳಗೆ ಕಾಳಿನ ಚೀಲಗಳು ಕೂರುತ್ತವೆ. ಮರ್ಯಾದೆಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಇನ್ನು ಚೆಂದದ ಮಾತು. ಸಣ್ಣ ಕೋಣೆಗೆ ದೊಡ್ಡ ಹೂವಿನ ವಾಲ್‌ಪೇಪರು, ನಾಲ್ಕು ಗೋಡೆಗೆ ನಾಲ್ಕು ಬಣ್ಣ ಹಚ್ಚಿದರೆ ಕೋಣೆ ಇನ್ನೂ ಕುಗ್ಗಿದಂತೆ ಕಾಣುತ್ತದೆ. ಸುಣ್ಣದ ಬಿಳುಪು ಬೆಳಕನ್ನು ಒಳಗೆಲ್ಲ ಹರಡುತ್ತದೆ. ಮಾಳಿಗೆ ಮನೆಯ ಒಂದೇ ಬೆಳಕಿಂಡಿಯಿಂದ ಇಳಿದ ಬಿಸಿಲು ಇಡೀ ಅಡುಗೆಮನೆಗೆ ಸಾಕಾಗುತ್ತಿದ್ದುದಕ್ಕೆ ಗೋಡೆಯ ಸುಣ್ಣವೂ ಕಾರಣ. ಬಿಳಿ ಗೋಡೆಯ ಮುಂದೆ ಬಣ್ಣ ಒಂದೇ ಕಡೆ ಇರಲಿ, ಅದು ಕೌದಿಯಲ್ಲಿರಲಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಜೋಡಿಸಿ, ಬೆರಳಗಲದ ಸಾಲುಗಳಲ್ಲಿ ದಾರ ಓಡಿಸುತ್ತಾ ಹೋಗುವ ಈ ಹೊಲಿಗೆಯಲ್ಲಿ ಪ್ರತಿ ಸಾಲೂ ಬಟ್ಟೆಯನ್ನು ಸ್ವಲ್ಪ ಸುಕ್ಕುಗಟ್ಟಿಸುತ್ತದೆ, ಆ ಸುಕ್ಕಿನ ಮೇಲೆ ಬೆಳಕು ಬಿದ್ದಾಗ ಹರಕು ಬಟ್ಟೆ ಹೊಲದ ಸಾಲಿನಂತೆ ಕಾಣುತ್ತದೆ. ಮಡಚಿಟ್ಟರೆ ಒರಗುದಿಂಬು, ಹಾಸಿದರೆ ಹಾಸಿಗೆ, ಗೋಡೆಗೆ ತೂಗಿದರೆ ಚಿತ್ರ. ಚಿತ್ರ ಬೇಕೆನ್ನುವವರಿಗೂ ಇಲ್ಲಿಯದೇ ಮಾದರಿ ಇದೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಗರುಡಾದ್ರಿ ಮನೆತನದ ಹೆಸರಿನೊಂದಿಗೆ ಸೇರಿಕೊಂಡಿರುವ ಸುರಪುರ ಚಿತ್ರಕಲೆ ಕಿರುಚಿತ್ರಗಳ ಪರಂಪರೆ. ಬಂಗಾರದ ಬಳಕೆ, ಕೂದಲೆಳೆಯ ಗೆರೆ ಅದರ ಗುಣ. ಕೈಗೆತ್ತಿಕೊಂಡು ಹತ್ತಿರದಿಂದ ನೋಡಲೆಂದೇ ಬರೆದ ಇಂಥ ಚಿತ್ರದ ಒಂದು ಒಳ್ಳೆಯ ಪ್ರತಿ, ಗೂಡಿನ ಅಳತೆಗೆ ಕಟ್ಟು ಹಾಕಿಸಿ ಇಟ್ಟರೆ, ಮೂರಡಿಯ ಜಲಪಾತದ ಪೋಸ್ಟರಿಗಿಂತ ಹೆಚ್ಚು ಹೊತ್ತು ಕಣ್ಣನ್ನು ಹಿಡಿಯುತ್ತದೆ.

ಶಹಾಪುರ, ಸುರಪುರ, ಹುಣಸಗಿ, ವಡಗೇರಾ ಕಡೆ ಈಗ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೇಳಿಕೆ. ಗೋಡೆ ಸೊಂಟದೆತ್ತರ ಬಂದ ದಿನ ಮನೆಮಂದಿಯೆಲ್ಲ, ಮುಖ್ಯವಾಗಿ ಅಡುಗೆ ಮಾಡುವ ಹೆಣ್ಣುಮಕ್ಕಳು, ಅಲ್ಲಿಗೆ ಹೋಗಿ ನಿಲ್ಲಿ. ದೀಪ ಎಲ್ಲಿ, ಡಬ್ಬಿ ಎಲ್ಲಿ, ಪುಸ್ತಕ ಎಲ್ಲಿ, ಹಾಸಿಗೆ ಎಲ್ಲಿ, ತೊಟ್ಟಿಲ ಕೊಂಡಿ ಎಲ್ಲಿ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಮೇಸ್ತ್ರಿಗೆ ತೋರಿಸಿ. ಪ್ಲಾಸ್ಟರ್ ಆದ ಮೇಲೆ ಇದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ, ಖರ್ಚೂ ಜಾಸ್ತಿ.